ಕಿಲೋಮೀಟರಿಗೆ ಎಷ್ಟು ಕೊಡ್ತೀರಿ?

ಬೆಳಗಾವಿಯ ಉದ್ಯಮಬಾಗದಲ್ಲಿ ಯಾರನ್ನಾದರೂ ‘ಮೈಲೇಜ್ ಎಷ್ಟು?’ ಎಂದು ಕೇಳಿ. ‘ಲೀಟರಿಗೆ ಐವತ್ತು ಕೊಡ್ತದ್ರಿ’ ಅನ್ನುತ್ತಾರೆ. ನಮ್ಮಲ್ಲಿ ಮೈಲೇಜ್ ಕೊಡುವುದು ಗಾಡಿ. ಇಂಗ್ಲೆಂಡ್, ಅಮೆರಿಕದಲ್ಲಿ ಅದನ್ನು ಕಂಪನಿಯೂ ಕೊಡುತ್ತದೆ. ಕೆಲಸಕ್ಕೆ ಸ್ವಂತ ಗಾಡಿ ಓಡಿಸಿದರೆ ಮೈಲಿಗೆ ಇಷ್ಟು ದುಡ್ಡು ಅಂತ.

ನನ್ನ ಗೆಳೆಯನೊಬ್ಬ ವಿದೇಶಿ ಕಂಪನಿಯೊಂದರ ಪಂಪ್ ಮಾರುತ್ತಾನೆ. ಗೋಕಾಕ, ಮುಧೋಳ, ಜಮಖಂಡಿ ಎಂದು ಬೈಕಿನಲ್ಲೇ ಸುತ್ತಾಟ. ಅವನಿಗೆ ಸಿಗುವುದು ಪೆಟ್ರೋಲ್ ಚೀಟಿಯ ಹಣ ಮಾತ್ರ. ಅದೇ ಕಂಪನಿಯ ಇಂಗ್ಲೆಂಡಿನವನಿಗೆ ಕಾರಿಗೆ ಮೈಲಿಗೆ 45 ಪೆನ್ಸ್, ಜರ್ಮನಿಯವನಿಗೆ ಕಿಲೋಮೀಟರಿಗೆ 30 ಸೆಂಟ್. ರೂಪಾಯಿಗೆ ಬದಲಿಸಿ ನೋಡಿ ಅವನಿಗೆ ತಲೆ ಕೆಟ್ಟಿತ್ತು. ಬರೀ ರೂಪಾಯಿ ಲೆಕ್ಕದಲ್ಲಿ ಇದು ಅರ್ಥವಾಗುವುದಿಲ್ಲ.

ಈ ಜಗಳ ಮೋಟಾರಿಗಿಂತ ಹಳೆಯದು. 1789ರಲ್ಲಿ ಅಮೆರಿಕದ ಮೊದಲ ಸಂಸತ್ತು ತನ್ನ ಸದಸ್ಯರಿಗೆ 20 ಮೈಲಿಗೆ 6 ಡಾಲರ್ ಗೊತ್ತು ಮಾಡಿತು. ಆಮೇಲೆ ಅದು 8 ಆಯಿತು. ‘ಸಾಮಾನ್ಯವಾಗಿ ಓಡಾಡುವ ದಾರಿ’ ಲೆಕ್ಕ ಎಂದು ಕಾನೂನು ಹೇಳುತ್ತಿತ್ತು. ಸರಿ, ದಾರಿಗಳು ಸುತ್ತು ಹೊಡೆಯತೊಡಗಿದವು! 1848ರಲ್ಲಿ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ ಅಂಚೆ ಸಾಗುವ ಅತಿ ಹತ್ತಿರದ ದಾರಿಗೆ ಹೋಲಿಸಿ ಎಲ್ಲ ಸದಸ್ಯರ ಲೆಕ್ಕ ಅಚ್ಚು ಹಾಕಿಸಿದರು. ಜಾಸ್ತಿ ತಗೊಂಡವರ ಪಟ್ಟಿಯಲ್ಲಿ ಅಬ್ರಹಾಂ ಲಿಂಕನ್ ಹೆಸರೂ ಇತ್ತು.

ನಮ್ಮ ಕಡೆ ಬ್ರಿಟಿಷರ ಕಾಲದ ನೌಕರಿ ನಿಯಮಗಳಲ್ಲೇ ಮೈಲಿ ಭತ್ಯೆ ಇತ್ತು. ಬೆಳಗಾವಿ ಮುಂಬೈ ಬಿಟ್ಟು ಮೈಸೂರು ರಾಜ್ಯ ಸೇರಿದ 1956ರಲ್ಲೇ ಮೆಟ್ರಿಕ್ ಅಳತೆಯ ಕಾನೂನೂ ಬಂತು. ಮೈಲಿ ಹೋಗಿ ಕಿಲೋಮೀಟರ್ ಬಂತು. ಹರದಾರಿ ಲೆಕ್ಕ ಹೇಳುವ ಅಜ್ಜಂದಿರು ಮಾತ್ರ ಬದಲಾಗಲಿಲ್ಲ.

ಹಾಗಾದರೆ ಈ ದುಡ್ಡು ಯಾವುದರ ಬೆಲೆ? ಅಮೆರಿಕದ ತೆರಿಗೆ ಇಲಾಖೆಯ ಮೈಲಿ ದರದ ಪಟ್ಟಿಯಲ್ಲೇ ಉತ್ತರ ಇದೆ. 2025ರಲ್ಲಿ ವ್ಯವಹಾರದ ಓಡಾಟಕ್ಕೆ ಮೈಲಿಗೆ 70 ಸೆಂಟ್. ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದರೆ 21 ಸೆಂಟ್ ಅಷ್ಟೇ. ಏಕೆಂದರೆ 21ರಲ್ಲಿ ಇರುವುದು ಪೆಟ್ರೋಲಿನಂತೆ ಓಡಿಸಿದಷ್ಟೂ ಏರುವ ಖರ್ಚು ಮಾತ್ರ. 70ರಲ್ಲಿ ವಿಮೆ ಇದೆ, ಗಾಡಿ ಹಳೆಯದಾಗುವ ನಷ್ಟ ಇದೆ. ಆ ನಷ್ಟದ ಪಾಲೇ 33 ಸೆಂಟ್. ಅಂದರೆ ಇದು ಪೆಟ್ರೋಲ್ ಹಣ ಅಲ್ಲ, ನಿಮ್ಮ ಗಾಡಿಯ ಬಾಡಿಗೆ. ಪೆಟ್ರೋಲ್ ಚೀಟಿ ಕೇಳುವ ಕಂಪನಿ ಗಾಡಿಯನ್ನು ಸುಮ್ನೆ ಬಿಟ್ಟಿ ಓಡಿಸಿಕೊಳ್ಳುತ್ತಿದೆ ಅಂತಲೇ ನನ್ನ ಲೆಕ್ಕ.

ಬ್ರಿಟನ್ನಿನಲ್ಲಿ ಮೊದಲು ದೊಡ್ಡ ಎಂಜಿನ್ನಿಗೆ ಹೆಚ್ಚು ಸಿಗುತ್ತಿತ್ತು. 2002ರಲ್ಲಿ ಎಲ್ಲ ಕಾರಿಗೂ ಒಂದೇ ದರ ಮಾಡಿದರು, 40 ಪೆನ್ಸ್. 2011ರಲ್ಲಿ ಅದು 45 ಆಯಿತು. ವರ್ಷಕ್ಕೆ 10,000 ಮೈಲಿ ದಾಟಿದರೆ ಆಮೇಲಿನ ಮೈಲಿಗೆ 25. ಅಷ್ಟರಲ್ಲಿ ವಿಮೆಯಂಥ ಖರ್ಚು ವಾಪಸ್ ಬಂದಿರುತ್ತದಲ್ವಾ? ಫ್ರಾನ್ಸಿನಲ್ಲಿ ಇಂದಿಗೂ ಎಂಜಿನ್ ನೋಡಿಯೇ ದರ.

ಭಾರತದಲ್ಲಿ ಖಾಸಗಿ ಕಂಪನಿಗಳಿಗೆ ಇಂಥ ಒಂದೇ ದರ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 2017ರ ಆದೇಶವೊಂದಿದೆ. ರಾಜ್ಯಗಳ ಸಾರಿಗೆ ಇಲಾಖೆ ದರ ಹಾಕದ ಕಡೆ ಸ್ವಂತ ಕಾರಿಗೆ ಕಿಲೋಮೀಟರಿಗೆ 24 ರೂಪಾಯಿ, ಸ್ಕೂಟರಿಗೆ 12 ಎಂದು ಆಗ ಗೊತ್ತು ಮಾಡಿದ್ದರು. ತುಟ್ಟಿಭತ್ಯೆ ಶೇ 50 ಏರಿದಾಗ ಇದೂ ಶೇ 25 ಏರಬೇಕು. ಉಳಿದವರಿಗೆ ಕಂಪನಿ ಹೇಳಿದ್ದೇ ದರ.

ಗಡಿಯಲ್ಲಿರುವ ನಮಗೆ ಚೀಟಿ ಪದ್ಧತಿ ಇನ್ನೂ ವಿಚಿತ್ರ. 2012ರಲ್ಲಿ ಗೋವಾ ಪೆಟ್ರೋಲ್ ಮೇಲಿನ ವ್ಯಾಟ್ ಬಹುತೇಕ ಕೈಬಿಟ್ಟಾಗ ಲೀಟರಿಗೆ ಸುಮಾರು 11 ರೂಪಾಯಿ ಇಳಿದಿತ್ತು. ಗೋವಾ ದಾರಿಯ ಚೋರ್ಲಾ ಘಾಟಿನ ಆಚೆ ಟ್ಯಾಂಕ್ ತುಂಬಿಸಿದರೆ ಚೀಟಿಯಲ್ಲಿ ಕಡಿಮೆ. ಉಳಿತಾಯ ಕಂಪನಿಗೆ, ಘಾಟಿನಲ್ಲಿ ಸವೆದ ಟೈರ್ ನಮಗೆ.

ಗೆಳೆಯ ಈಗ ನೋಟ್‌ಬುಕ್ ಇಟ್ಟಿದ್ದಾನೆ. ತಾರೀಖು, ಊರು, ಕಿಲೋಮೀಟರ್, ಆಯಿಲ್, ಟೈರ್, ವಿಮೆ ಎಲ್ಲ ಬರೆಯುತ್ತಾನೆ. ಹೋದ ತಿಂಗಳು ಅದನ್ನೇ ಆಫೀಸಿಗೆ ಕಳಿಸಿದ. ‘ಪೆಟ್ರೋಲ್ ಚೀಟಿ ಎಲ್ಲಿ?’ ಎಂದು ಉತ್ತರ ಬಂತು.