ಮೆಲ್ ಬ್ರೂಕ್ಸ್ ಹೆಸರು ತೆರೆಯ ಮೇಲೆ ಏಕಿಲ್ಲ?

ಓದುಗರ ಪ್ರಶ್ನೆ: ‘ದಿ ಎಲಿಫೆಂಟ್ ಮ್ಯಾನ್’ನಂಥ ಗಂಭೀರ ಚಿತ್ರದ ಹಿಂದೆ ಹಾಸ್ಯಕ್ಕೆ ಹೆಸರಾದ ಮೆಲ್ ಬ್ರೂಕ್ಸ್ ಇದ್ದರೆಂಬುದು ನಿಜವೇ? ಹಾಗಿದ್ದರೆ ಹೆಸರೇಕೆ ಹಾಕಿಕೊಳ್ಳಲಿಲ್ಲ?

ನಿಜ. ಅವರೇ ಅದರ ಕಾರ್ಯಕಾರಿ ನಿರ್ಮಾಪಕರು. ತೆರೆಯ ಮೇಲೆ ಅವರ ಸಂಸ್ಥೆ ಬ್ರೂಕ್ಸ್‌ಫಿಲ್ಮ್ಸ್‌ನ ಹೆಸರಿದೆ, ಅವರದಿಲ್ಲ. ಉತ್ತರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ‘ದುಡ್ಡು ಹಾಕಿದರು ಅಷ್ಟೇ, ಚಿತ್ರದ ಮೇಲೆ ನಂಬಿಕೆಯಿರಲಿಲ್ಲ, ಅದಕ್ಕೇ ದೂರ ನಿಂತರು’ ಎಂಬ ಮಾತು ಎಷ್ಟು ಸಲ ತಿದ್ದಿದರೂ ಮತ್ತೆ ತಲೆಯೆತ್ತುತ್ತದೆ.

ನಂಬಿಕೆಯಿಲ್ಲದವರು ಹೀಗೆ ನಡೆದುಕೊಳ್ಳುತ್ತಾರೆಯೇ? ಡೇವಿಡ್ ಲಿಂಚ್ ಅಲ್ಲಿಯವರೆಗೆ ಮಾಡಿದ್ದ ಪೂರ್ಣಪ್ರಮಾಣದ ಚಿತ್ರ ಒಂದೇ, ‘ಇರೇಸರ್‌ಹೆಡ್’. ಅದನ್ನು ನೋಡಿಯೇ ಬ್ರೂಕ್ಸ್ ನಿರ್ದೇಶನವನ್ನು ಲಿಂಚ್ ಕೈಗೆ ಒಪ್ಪಿಸಿದರು. ಚಿತ್ರ ಬಿಡುಗಡೆಯಾದದ್ದು 1980ರಲ್ಲಿ, ಅದೂ ಕಪ್ಪು-ಬಿಳುಪಿನಲ್ಲಿ! ಸ್ಟುಡಿಯೋದವರು ಕೆಲವು ಭಾಗಗಳನ್ನು ಕತ್ತರಿಸಿ ಎಂದಾಗ ಬ್ರೂಕ್ಸ್ ಜಗ್ಗಲಿಲ್ಲ. ಪತ್ನಿ ಆನ್ ಬ್ಯಾಂಕ್ರಾಫ್ಟ್ ಅದರಲ್ಲಿ ನಟಿಸಿದ್ದಾರೆ. ಬೇಡವಾದ ಕೂಸನ್ನು ಯಾರೂ ಹೀಗೆ ಸಾಕುವುದಿಲ್ಲ.

ಕಾರಣ ಬೇರೆಯೇ ಇತ್ತು. ‘ಬ್ಲೇಜಿಂಗ್ ಸ್ಯಾಡಲ್ಸ್’ನಂಥ ಹಾಸ್ಯಚಿತ್ರ ಮಾಡಿದವರ ಹೆಸರನ್ನು ಪೋಸ್ಟರಿನಲ್ಲಿ ಕಂಡ ಪ್ರೇಕ್ಷಕರು ನಗಲೆಂದೇ ಬಂದು ಕೂರುತ್ತಿದ್ದರು. ವಿಕಾರಗೊಂಡ ದೇಹ ಹೊತ್ತ ಮನುಷ್ಯನೊಬ್ಬನ ನೋವಿನ ಕಥೆಯದು. ಅವನ ಮುಖ ಕಂಡೊಡನೆ ಚಿತ್ರಮಂದಿರದಲ್ಲಿ ನಗೆಯೆದ್ದರೆ ಎಲ್ಲರ ದುಡಿಮೆಯೂ ನೀರುಪಾಲು. ನಗು ಎಲ್ಲಿ ಹುಟ್ಟುತ್ತದೆಂದು ಚೆನ್ನಾಗಿ ಬಲ್ಲವರು ಮಾತ್ರ ಮಾಡಬಲ್ಲ ತ್ಯಾಗವಿದು. ಚಿತ್ರ ಎಂಟು ಆಸ್ಕರ್ ನಾಮನಿರ್ದೇಶನ ಪಡೆಯಿತು, ಪ್ರಶಸ್ತಿ ಒಂದೂ ಬರಲಿಲ್ಲ.

ನಗುವಿನ ಈ ಬಲ್ಲತನ ಬ್ರೂಕ್ಸ್‌ಗೆ ಬಂದದ್ದು ಟೆಲಿವಿಷನ್ನಿನಿಂದ. 1950ರಲ್ಲಿ ಶುರುವಾದ ‘ಯುವರ್ ಶೋ ಆಫ್ ಶೋಸ್’ ಎಂಬ ಹಾಸ್ಯ ಕಾರ್ಯಕ್ರಮಕ್ಕೆ ಅವರು ಬರೆಯುತ್ತಿದ್ದರು. ಶನಿವಾರ ರಾತ್ರಿ 90 ನಿಮಿಷ ನೇರ ಪ್ರಸಾರ. ಸಾಲೊಂದು ಸೋತರೆ ಅಲ್ಲೇ, ಆ ಕ್ಷಣದಲ್ಲೇ ಗೊತ್ತಾಗುತ್ತಿತ್ತು. ಮುಂದೆ ‘ದಿ ಪ್ರೊಡ್ಯೂಸರ್ಸ್’ ಚಿತ್ರಕಥೆಗೆ 1969ರಲ್ಲಿ ಆಸ್ಕರ್ ಬಂತು.

ಕಪ್ಪು-ಬಿಳುಪಿನ ಮಾತು ಬಂದಿದ್ದರಿಂದ, ಯಾರೂ ಕೇಳದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಬ್ರೂಕ್ಸ್ ನಿರ್ದೇಶಿಸಿದ 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’ ಕೂಡ ಕಪ್ಪು-ಬಿಳುಪೇ. ಕೊಲಂಬಿಯಾ ಸ್ಟುಡಿಯೋ ಅದಕ್ಕೆ ಒಪ್ಪದಿದ್ದಾಗ ಚಿತ್ರ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಪಾಲಾಯಿತು. ಕಥೆಯ ಮೂಲ ಕಲ್ಪನೆ ನಟ ಜೀನ್ ವೈಲ್ಡರ್ ಅವರದು. ಅವರು ಹಾಕಿದ ಷರತ್ತು: ಬ್ರೂಕ್ಸ್ ತೆರೆಯ ಮೇಲೆ ಕಾಣಿಸಿಕೊಳ್ಳಬಾರದು. ಬ್ರೂಕ್ಸ್ ಒಪ್ಪಿಕೊಂಡರು. ಚಿತ್ರದಲ್ಲಿ ಕೇಳುವ ತೋಳದ ಊಳು, ಬೆಕ್ಕಿನ ಅರಚಾಟ ಅವರದೇ ದನಿ.