ಇಳಿಸುವಾಗ ಥ್ರಾಟಲ್ ಸೊನ್ನೆ ಮಾಡುವವರಿಗೆ

ರಿಪೇರಿಗೆ ಬರುವ, ರಿಮೋಟಿನಲ್ಲಿ ಹಾರಿಸುವ ದೊಡ್ಡ ಮಾದರಿ ಫ್ಯಾನ್ ಜೆಟ್‌ಗಳ ಗಾಯ ನೋಡಿದರೆ ಸಾಕು, ತಂದವರು ಬಾಯಿ ಬಿಡುವ ಮೊದಲೇ ನನಗೆ ಅರ್ಧ ಕಥೆ ಗೊತ್ತಾಗಿರುತ್ತದೆ. ಒಂದು ರೆಕ್ಕೆಯ ತುದಿ ಪುಡಿಯಾಗಿರುತ್ತದೆ. ಅದೇ ಕಡೆಯ ಎಂಜಿನ್ ಗೂಡಿನ ತುಂಬ ಕರಿಮಣ್ಣು. ಮುಂದಿನ ಗಾಲಿ ಬುಡಸಮೇತ ಕಿತ್ತು ಬಂದಿರುತ್ತದೆ. ಬಾಲಕ್ಕೆ ಮಾತ್ರ ಒಂದು ಗೀರೂ ಇರುವುದಿಲ್ಲ. "ಸಿಗ್ನಲ್ ಹೋಯ್ತ್ರಿ ಸರ್" ಅನ್ನುತ್ತಾರೆ. ಇನ್ನು ಕೆಲವರು "ಮೋಟರ್ ಕೈ ಕೊಡ್ತ್ರಿ" ಅನ್ನುತ್ತಾರೆ. ಟ್ರಾನ್ಸ್‌ಮಿಟರ್‌ನ ಕಾರ್ಡು ತೆಗೆದು ಲಾಗ್, ಅಂದರೆ ಹಾರಾಟದ ದಾಖಲೆ, ನೋಡುತ್ತೇನೆ. ಸಿಗ್ನಲ್ ಕೊನೆಯ ತನಕ ಗಟ್ಟಿಯಾಗಿಯೇ ಇದೆ. ಮೋಟರಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್‌ನ ಗೆರೆ ಮಾತ್ರ ಸೊನ್ನೆಯಲ್ಲಿ ಹಾಯಾಗಿ ಮಲಗಿದ್ದು, ನೆಲ ಮುಟ್ಟುವ ಹೊತ್ತಿಗೆ ಒಮ್ಮೆಲೇ ನೂರಕ್ಕೆ ಎದ್ದು ನಿಂತಿರುತ್ತದೆ. ಆ ಗೆರೆ ತೋರಿಸಿದ ಮೇಲೆ ಯಾರೂ ಮೋಟರ್ ಬಗ್ಗೆ ಮಾತಾಡುವುದಿಲ್ಲ.

ಸೆಂಟರ್ ಆಫ್ ಗ್ರಾವಿಟಿ ಹಿಡಿಯುವುದು, ಫ್ಯಾನ್ ಬ್ಯಾಲೆನ್ಸ್ ಮಾಡುವುದು, ಎಷ್ಟು ಆಂಪಿಯರ್‌ಗೆ ಎಷ್ಟು ದಪ್ಪ ವೈರ್ ಬೇಕು, ಇವೆಲ್ಲ ನಿಮಗೆ ಬರುತ್ತವೆ ಎಂದುಕೊಂಡು ಬರೆಯುತ್ತಿದ್ದೇನೆ. ಬರದಿದ್ದರೆ ಎರಡೂವರೆ ಮೀಟರ್ ರೆಕ್ಕೆಯ ಏರ್‌ಲೈನರ್‌ಗೆ ಇನ್ನೂ ಕೈ ಹಾಕಬೇಡಿ. ಮೊದಲು ಸಣ್ಣದೊಂದು ಫೋಮ್ ಟ್ರೇನರ್ ಹಾರಿಸಿ, ಮುರಿಯಿರಿ, ಅಂಟಿಸಿರಿ. ಅದಕ್ಕೂ ನನ್ನ ಹತ್ತಿರ ಬರಬಹುದು, ಬೇಜಾರಿಲ್ಲ.

ಕಷ್ಟ ಶುರುವಾಗುವುದು ಆ ಟ್ರೇನರ್ ಕಲಿಸಿದ ಅಭ್ಯಾಸದಿಂದಲೇ. ಅದರಲ್ಲಿ ಇಳಿಸುವಾಗ ಥ್ರಾಟಲ್ ಪೂರ್ತಿ ಇಳಿಸಿದರೂ ನಡೆಯುತ್ತದೆ. ವಿಮಾನ ಹಗುರ, ತೇಲಿಕೊಂಡು ಬರುತ್ತದೆ. ಸ್ವಲ್ಪ ಮೊದಲೇ ಕುಸಿಯಿತು ಎನ್ನಿಸಿದರೆ ಥ್ರಾಟಲ್ ತುಸು ಮುಟ್ಟಿದರಾಯಿತು, ಮುಂದಿನ ಪ್ರೊಪೆಲ್ಲರ್ ಎಸೆದ ಗಾಳಿ ಆ ಕ್ಷಣವೇ ರೆಕ್ಕೆಯ ಬುಡದ ಮೇಲೂ ಬಾಲದ ಮೇಲೂ ಹರಿಯುತ್ತದೆ. ವಿಮಾನ ಓಡುವ ವೇಗ ಇನ್ನೂ ಏರದಿದ್ದರೂ ಮೂಗು ಎತ್ತಿ ಇಳಿಸುವ ಬಾಲದ ಪಟ್ಟಿಗೆ, ಅಂದರೆ ಎಲಿವೇಟರ್‌ಗೆ, ಜೀವ ಬರುತ್ತದೆ. ಈ ಗಾಳಿಯ ಉಪಕಾರ ನಮಗೆ ಕಾಣುವುದೇ ಇಲ್ಲ. ಹಾಗಾಗಿ ಅದು ತಪ್ಪಿಹೋದಾಗಲೂ ಗೊತ್ತಾಗುವುದಿಲ್ಲ.

ಜೆಟ್ ಮಾದರಿಯ ಡಕ್ಟೆಡ್ ಫ್ಯಾನ್, ಅಂದರೆ ಕೊಳವೆಯೊಳಗೆ ತಿರುಗುವ ಫ್ಯಾನ್, ಈ ಉಪಕಾರ ಮಾಡುವುದಿಲ್ಲ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಏರ್‌ಬಸ್ ಎ320ಯನ್ನು ಹದಿಮೂರನೇ ಒಂದು ಭಾಗಕ್ಕೆ ಇಳಿಸಿದರೆ ರೆಕ್ಕೆ ಸುಮಾರು 2.6 ಮೀಟರ್, ಉದ್ದ 2.9 ಮೀಟರ್. ಎಂಜಿನ್ ಗೂಡಿನಲ್ಲಿ 120 ಮಿಲಿಮೀಟರ್ ಫ್ಯಾನ್ ಹಿಡಿಯುತ್ತದೆ. 12ಎಸ್ (ಸಾಲಾಗಿ ಜೋಡಿಸಿದ ಹನ್ನೆರಡು ಸೆಲ್) ಬ್ಯಾಟರಿಯಲ್ಲಿ ಒಂದೊಂದು ಫ್ಯಾನ್ ಎಂಟು ಕೆಜಿ ಆಸುಪಾಸು ನೂಕುವಾಗ ಕೊಳವೆಯ ಹಿಂದಿನಿಂದ ಹೊರಡುವ ಗಾಳಿ ಗಂಟೆಗೆ ಹೆಚ್ಚುಕಡಿಮೆ 300 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಷ್ಟು ಜೋರಾದ ಆ ಗಾಳಿ ರೆಕ್ಕೆಯ ಅಡಿಯಿಂದ ಹಿಂದಕ್ಕೆ ಹೋಗಿಬಿಡುತ್ತದೆ. ರೆಕ್ಕೆಯ ಮೇಲೆ ಹರಿಯಬೇಕಾದ ಗಾಳಿ ಬೇರೆಯೇ. ಅದು ವಿಮಾನ ಮುಂದೆ ಓಡಿದರೆ ಮಾತ್ರ ಸಿಗುತ್ತದೆ. ಇಂಥ ಮಾದರಿಯ ಹದಿಮೂರು ಕೆಜಿ ತೂಕವನ್ನು ಮತ್ತೆ ಓಟಕ್ಕೆ ಹಚ್ಚಲು ಸಮಯ ಬೇಕು. ಅದಕ್ಕೂ ಮೊದಲು ನಿಂತ ಫ್ಯಾನ್ ಪೂರ್ತಿ ತಿರುಗಲಿಕ್ಕೇ ಒಂದು ಸೆಕೆಂಡಿನಷ್ಟು ಬೇಕು. ಮೋಟರಿನ ವೇಗ ನಿಯಂತ್ರಿಸುವ ಕೆಲವು ಇಎಸ್‌ಸಿಗಳಲ್ಲಿ ಇನ್ನೂ ಹೆಚ್ಚು, ಸೆಟ್ಟಿಂಗ್ ನೋಡಿಕೊಳ್ಳಿ. ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ಇಷ್ಟು ಪುರಸೊತ್ತು ನಿಮಗೆ ಯಾರು ಕೊಡುತ್ತಾರೆ?

ಇದನ್ನು ಎಂಜಿನಿಯರಿಂಗ್ ಹುಡುಗರಿಗೆ ಬೋರ್ಡಿನ ಮೇಲೆ ಗೀಚಿ ಗೀಚಿ ಹೇಳಿದ್ದೇನೆ, ತಲೆ ಆಡಿಸಿ ಹೋಗಿ ಮತ್ತೆ ಮುರಿದುಕೊಂಡು ಬಂದಿದ್ದಾರೆ. ತಕ್ಷಣ ಹಿಡಿದವನೆಂದರೆ ದಾಲ್ ಮಿಲ್ ಮಾಲೀಕರೊಬ್ಬರ ಲಾರಿ ಡ್ರೈವರ್. ಮಾಲೀಕರು ತಮ್ಮ ಜೆಟ್ ತುಂಡುಗಳನ್ನು ತೊಗರಿ ಚೀಲದಲ್ಲಿ ಹಾಕಿಸಿಕೊಂಡು ಬಂದಿದ್ದರು. ನಾನು ಅವರಿಗೆ ವಿವರಿಸುತ್ತಿದ್ದಾಗ ಬಾಗಿಲಲ್ಲಿ ನಿಂತ ಡ್ರೈವರ್ ಅಂದ: "ಲೋಡ್ ಗಾಡಿ ಏರು ಹತ್ತುವಾಗ ಪಿಕಪ್ ಬಿಟ್ಟ ಮ್ಯಾಲ ಎಷ್ಟು ಒತ್ತಿದ್ರೂ ಏನೂ ಆಗಂಗಿಲ್ರಿ ಸಾವ್ಕಾರ್ರ. ಪಿಕಪ್ ಬಿಡಬಾರ್ದು, ಅಷ್ಟೇ." ಮಾಲೀಕರು ಅವನ ಮುಖ, ನನ್ನ ಮುಖ ನೋಡಿದರು. ಈಗ ಅವರು ಹಾರಿಸುವಾಗ ಡ್ರೈವರ್ ಪಕ್ಕದಲ್ಲೇ ನಿಂತು "ಪಿಕಪ್, ಪಿಕಪ್" ಅನ್ನುತ್ತಿರುತ್ತಾನೆ. ಅವರ ವಿಮಾನ ಅಪರೂಪಕ್ಕೆ ಬರುತ್ತದೆ ನನ್ನಲ್ಲಿಗೆ. ಚಹಾಕ್ಕೆ ಮಾತ್ರ ಅವರೇ ಬರುತ್ತಾರೆ.

ಥ್ರಾಟಲ್ ಇಳಿಸುವ ಚಪಲ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಬೇಕು. ಎಲ್ಲರದೂ ಒಂದೇ ಮಾತು: "ಭಾಳ ಜೋರ್ ಬರ್ಲತ್ತದ ಸರ್, ಖರೇ ವಿಮಾನ ಹಂಗ ನಿಧಾನ ಇಳೀಬೇಕು." ಖರೇ ವಿಮಾನ ನಿಧಾನವಾಗಿ ಇಳಿಯುವುದಿಲ್ಲ ಮಾರಾಯರೆ. ಎ320 ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ರನ್‌ವೇ ಕಡೆ ಬರುತ್ತದೆ. ಅದರ ಉದ್ದ 37 ಮೀಟರ್ ದಾಟಿರುವುದರಿಂದ ಒಂದು ಸೆಕೆಂಡಿನಲ್ಲಿ ತನ್ನ ಉದ್ದದ ಎರಡರಷ್ಟೂ ಮುಂದೆ ಸರಿಯುವುದಿಲ್ಲ. ಅದಕ್ಕೇ ಕಣ್ಣಿಗೆ ತೇಲಿದಂತೆ ಕಾಣುತ್ತದೆ. ನಿಮ್ಮ 2.9 ಮೀಟರಿನ ಮಾದರಿ ಅದೇ ಥರ ಕಾಣಬೇಕೆಂದರೆ ಗಂಟೆಗೆ 19 ಕಿಲೋಮೀಟರ್ ವೇಗದಲ್ಲಿ ಬರಬೇಕು. ಅದು ಸೈಕಲ್ ತುಳಿಯುವ ವೇಗ. ಹದಿಮೂರು ಕೆಜಿಯ ಆ ಮಾದರಿಯ ರೆಕ್ಕೆ, ಫ್ಲ್ಯಾಪ್ (ರೆಕ್ಕೆಯ ಹಿಂದೆ ಕೆಳಗಿಳಿಯುವ ಪಟ್ಟಿ) ಪೂರ್ತಿ ಬಿಟ್ಟರೂ, ಗಂಟೆಗೆ ಸುಮಾರು 53 ಕಿಲೋಮೀಟರಿನ ಕೆಳಗೆ ಭಾರ ಹೊರುವುದನ್ನು ಬಿಟ್ಟುಬಿಡುತ್ತದೆ. ಇದು ನನ್ನ ಅಂದಾಜು ಲೆಕ್ಕ, ನಿಮ್ಮ ರೆಕ್ಕೆಯ ಆಕಾರದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೆ ಮೂವತ್ತು ಪರ್ಸೆಂಟ್ ಸೇರಿಸಿದರೆ 70 ಕಿಲೋಮೀಟರ್. ನೀವು ಬರಬೇಕಾದ ವೇಗ ಅದು. ಕಣ್ಣಿಗೆ ಅವಸರದಂತೆ ಕಂಡೇ ಕಾಣುತ್ತದೆ, ಕಾಣಲಿ ಬಿಡಿ. ನೀವು ನೋಡಿ ಮರುಳಾದ ಎಷ್ಟೋ ವಿಡಿಯೊಗಳ ಗತಿಯನ್ನು ಎಡಿಟ್ ಮಾಡುವಾಗ ನಿಧಾನ ಮಾಡಿರುತ್ತಾರೆ.

ಇನ್ನೊಂದು ಮೋಸ ಇದೆ, ಅದು ರೆಕ್ಕೆಯ ಅಡಿಯಲ್ಲಿ ಎಂಜಿನ್ ತೂಗಿಸಿದ ವಿಮಾನಗಳದು. ನೂಕುವ ಬಲ ವಿಮಾನದ ತೂಕದ ಕೇಂದ್ರಕ್ಕಿಂತ ಕೆಳಗೆ ಬೀಳುವುದರಿಂದ, ಒಮ್ಮೆಲೇ ಥ್ರಾಟಲ್ ಕೊಟ್ಟರೆ ಮೂಗು ಮೇಲೇಳುತ್ತದೆ. ವೇಗ ಇದ್ದಾಗ ಎಲಿವೇಟರ್ ಅದನ್ನು ಅದುಮುತ್ತದೆ. ವೇಗ ಸತ್ತಾಗ ಅದುಮುವ ಶಕ್ತಿ ಎಲಿವೇಟರ್‌ಗೆ ಇರುವುದಿಲ್ಲ. ಅಂದರೆ ವಿಮಾನ ಕುಸಿಯುತ್ತಿದೆ ಎಂದು ಗಾಬರಿಯಿಂದ ನೀವು ಕೊಟ್ಟ ಫುಲ್ ಥ್ರಾಟಲ್ಲೇ ಮೂಗನ್ನು ಎತ್ತಿ, ಉಳಿದಿದ್ದ ಚೂರು ವೇಗವನ್ನೂ ತಿಂದು, ಒಂದು ರೆಕ್ಕೆಯನ್ನು ಕೆಳಗೆ ಹಾಕುತ್ತದೆ. ಲಾಗ್‌ನಲ್ಲಿ ಎದ್ದು ನಿಂತ ಆ ಗೆರೆ, ಪುಡಿಯಾದ ರೆಕ್ಕೆಯ ತುದಿ, ಎರಡಕ್ಕೂ ಸಂಬಂಧ ಇದು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗ ಸ್ಟಾರ್ ಏರ್‌ನವರ ಎಂಬ್ರೇಯರ್ 145 ಬಂತಲ್ಲ, ಅದರ ಎಂಜಿನ್‌ಗಳು ಬಾಲದ ಹತ್ತಿರ, ಮೈಯ ಮೇಲುಭಾಗಕ್ಕೆ ಅಂಟಿಕೊಂಡಿವೆ. ಅಂಥದರಲ್ಲಿ ಥ್ರಾಟಲ್ ಕೊಟ್ಟರೆ ಮೂಗು ಕೆಳಗೆ ಹೋಗುವ ಕಡೆಗೇ ಒಲವು. ನಮ್ಮ ಊರಿಗೆ ಮೊದಲು ಬಂದ ವಿಮಾನ ಅಂತ ಅದನ್ನೇ ಮಾಡಿಸಿಕೊಂಡವರು ಎ320 ಮಾಡಿಸಿದವರಿಗಿಂತ ಸ್ವಲ್ಪ ಸುಖವಾಗಿದ್ದಾರೆ. ಥ್ರಾಟಲ್ ಸೊನ್ನೆ ಮಾಡಿದರೆ ಅದೂ ಬೀಳುತ್ತದೆ, ಆ ಮಾತು ಬೇರೆ.

ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಜೊತೆಗೆ ಎಲಿವೇಟರ್ ಚೂರು ಕೆಳಗೆ ಹೋಗುವಂತೆ ಮಿಕ್ಸ್ ಹಾಕಬಹುದು, ಹಾಕಿ. ಎಷ್ಟು ಅಂತ ನಾನು ಹೇಳಲಾರೆ, ವಿಮಾನಕ್ಕೊಂದು ಅಳತೆ. ಗೈರೊ ಇದೆಯಲ್ಲ ಅನ್ನುವವರಿಗೆ ಒಂದು ಮಾತು: ಗೈರೊ ವಿಮಾನವನ್ನು ನೆಟ್ಟಗೆ ಇಡುತ್ತದೆ, ವೇಗವನ್ನು ತಂದುಕೊಡುವುದಿಲ್ಲ. ಮೂಗು ಇಳಿಯಲು ನೋಡಿದಾಗ ಅದು ಸದ್ದಿಲ್ಲದೆ ಎಲಿವೇಟರ್ ಎತ್ತಿ ಹಿಡಿಯುತ್ತದೆ. ನಿಮಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಎತ್ತಲು ಇನ್ನೇನೂ ಉಳಿಯದಾಗ ವಿಮಾನ ಯಾವ ಸೂಚನೆಯೂ ಇಲ್ಲದೆ ಧಡ್ ಅಂತ ಬೀಳುತ್ತದೆ. ಗೈರೊ ಇಲ್ಲದ ವಿಮಾನ ಆದರೆ ಮೊದಲೇ ತೂಗಾಡಿ ಹೇಳುತ್ತಿತ್ತು.

ಹಾಗಾದರೆ ಏನು ಮಾಡಬೇಕು? ಮೊದಲ ಹಾರಾಟದಲ್ಲೇ, ಬ್ಯಾಟರಿ ಇನ್ನೂ ತುಂಬಿರುವಾಗ, ಎತ್ತರದಲ್ಲಿ ಗಾಲಿ ಇಳಿಸಿ, ಫ್ಲ್ಯಾಪ್ ಬಿಡಿ. ಗಾಳಿಗೆ ಎದುರಾಗಿ ನೇರ ಹಾರಿಸುತ್ತ ಥ್ರಾಟಲ್ ಸ್ವಲ್ಪ ಸ್ವಲ್ಪ ಇಳಿಸುತ್ತ ಹೋಗಿ. ಎಲ್ಲಿ ಅದು ಸೋಮಾರಿಯಾಗುತ್ತದೆ, ಸ್ಟಿಕ್ಕಿಗೆ ತಡವಾಗಿ ಉತ್ತರ ಕೊಡುತ್ತದೆ, ಅಲ್ಲಿ ನಿಲ್ಲಿ. ಸ್ಟಿಕ್ ಎಲ್ಲಿದೆ ನೋಡಿ. ಅದಕ್ಕಿಂತ ಎರಡು ಮೂರು ಕ್ಲಿಕ್ ಮೇಲೆ ಟ್ರಾನ್ಸ್‌ಮಿಟರ್ ಮೈಗೆ ಬಿಳಿ ಟೇಪ್ ಹಚ್ಚಿ. ಬಹಳಷ್ಟು ವಿಮಾನಗಳಲ್ಲಿ ಇದು ಮೂರನೇ ಒಂದು ಭಾಗದ ಥ್ರಾಟಲ್ ಸುತ್ತಮುತ್ತ ಬರುತ್ತದೆ, ನಿಮ್ಮದು ಬೇರೆ ಇರಬಹುದು. ಇಳಿಯುವ ದಾರಿಗೆ ಬಂದ ಮೇಲೆ ಸ್ಟಿಕ್ ಆ ಟೇಪಿನ ಕೆಳಗೆ ಹೋಗಕೂಡದು. ಹಿಂದಿನ ಗಾಲಿಗಳು ನೆಲದಿಂದ ಗೇಣಿನಷ್ಟು ಮೇಲಿದ್ದಾಗ ಮಾತ್ರ ಸೊನ್ನೆ ಮಾಡಿ. ಮೇಲಿಂದ ಬಂದಿರಿ, ಎತ್ತರ ಜಾಸ್ತಿ ಆಯಿತು ಎನ್ನಿಸಿದರೆ ಥ್ರಾಟಲ್ ಕತ್ತರಿಸಬೇಡಿ, ಇನ್ನೊಂದು ಸುತ್ತು ಹೋಗಿ. ದೊಡ್ಡ ವಿಮಾನದ ಪೈಲಟ್‌ಗಳಿಗೂ ಇದೇ ಶಿಸ್ತು: ಮೋಡ ಇದ್ದರೆ 1000 ಅಡಿ, ಇಲ್ಲದಿದ್ದರೆ 500 ಅಡಿಗೆ ಬರುವ ಮೊದಲು ವೇಗ, ಫ್ಲ್ಯಾಪ್, ಎಂಜಿನ್ ಎಲ್ಲ ಹದಕ್ಕೆ ಬಂದಿರಬೇಕು, ಇಲ್ಲವೆಂದರೆ ಸುತ್ತು ಹೊಡೆಯಬೇಕು. ಅವರ ಎಂಜಿನ್‌ಗೂ ಏರಲು ಸಮಯ ಬೇಕು.

ಕೊನೆಯ ತಿರುವು ಅಗಲವಾಗಿರಲಿ. 45 ಡಿಗ್ರಿ ವಾಲಿಸಿ ತಿರುಗಿಸಿದರೆ 53 ಇದ್ದ ಸ್ಟಾಲ್ ವೇಗ, ಅಂದರೆ ರೆಕ್ಕೆ ಭಾರ ಹೊರುವುದನ್ನು ಬಿಡುವ ವೇಗ, 63 ಆಗುತ್ತದೆ. ಗಾಳಿ ಬೆನ್ನಿಗಿರುವಾಗ ನೆಲದ ಮೇಲೆ ವಿಮಾನ ಜೋರಾಗಿ ಓಡಿದಂತೆ ಕಾಣುತ್ತದೆ, ನೀವು ಥ್ರಾಟಲ್ ಇಳಿಸುತ್ತೀರಿ, ತಿರುವಿನಲ್ಲಿ ಬೀಳಿಸುತ್ತೀರಿ. ದುಡ್ಡಿದ್ದರೆ ಪಿಟೋ ಕೊಳವೆಯ ಏರ್‌ಸ್ಪೀಡ್ ಸೆನ್ಸರ್ ಹಾಕಿಸಿ, ಟ್ರಾನ್ಸ್‌ಮಿಟರ್ ಬಾಯಿಬಿಟ್ಟು ವೇಗ ಹೇಳುತ್ತದೆ. ಒಂದು ಎಂಜಿನ್ ಗೂಡು ಮತ್ತೆ ಮಾಡಿಸುವ ಖರ್ಚಿಗಿಂತ ಅಗ್ಗ. ಇದನ್ನು ಹೇಳಿ ನಾನೇ ನನ್ನ ಹೊಟ್ಟೆಯ ಮೇಲೆ ಹೊಡೆದುಕೊಳ್ಳುತ್ತಿದ್ದೇನೆ.

"ಇನ್ನೊಂದು ಬ್ಯಾಟರಿ ಹಾಕಿದ್ರ ಸುತ್ತು ಹೊಡೀಲಾಕ ಆಗ್ತದಲ್ರಿ?" ಅಂತ ಕೇಳುತ್ತಾರೆ. ಎರಡು ಕೆಜಿ ಏರಿಸಿದರೆ ಆ 53 ಹೆಚ್ಚುಕಡಿಮೆ 57 ಆಗುತ್ತದೆ. ಇಳಿಯುವ ವೇಗ, ಓಡುವ ದೂರ, ಗಾಲಿಗೆ ಬೀಳುವ ಪೆಟ್ಟು ಎಲ್ಲ ಏರುತ್ತವೆ. ಅದರ ಬದಲು ಟೈಮರ್ ಬೇಗ ಇಡಿ. ಫ್ಯಾನ್‌ಗೆ ಒಂದರಂತೆ 12ಎಸ್ 5000 ಎಂಎಎಚ್ ಇದ್ದರೆ, ಫುಲ್ ಥ್ರಾಟಲ್‌ನಲ್ಲಿ ಎರಡೂವರೆ ನಿಮಿಷಕ್ಕೆ ಖಾಲಿ. ಹಿಡಿತದಲ್ಲಿ ಹಾರಿಸಿದರೆ ನಾಲ್ಕೈದು ನಿಮಿಷ. ಮೂರು ನಿಮಿಷಕ್ಕೆ ಗಂಟೆ ಬಾರಿಸಲಿ, ಮೂವತ್ತು ಪರ್ಸೆಂಟ್ ಉಳಿದಿರುವಾಗಲೇ ಇಳಿಯಲು ಬನ್ನಿ. ಎರಡನೇ ಸುತ್ತಿಗೆ ಚಾರ್ಜ್ ಇಲ್ಲದವರೇ ಮೊದಲ ಸುತ್ತಿನಲ್ಲಿ ಹೇಗಾದರೂ ಇಳಿಸಲು ಹೋಗಿ ಮುರಿಯುವುದು.

ಮೇ ತಿಂಗಳಲ್ಲಿ ಮಧ್ಯಾಹ್ನ ಹಾರಿಸುವವರಿಗೆ ಬುದ್ಧಿ ಹೇಳುವುದನ್ನು ಬಿಟ್ಟಿದ್ದೇನೆ. 42 ಡಿಗ್ರಿಯಲ್ಲಿ ನಮ್ಮ ಗಾಳಿ ಡಿಸೆಂಬರ್ ನಸುಕಿನ ಗಾಳಿಗಿಂತ ಸುಮಾರು ಎಂಟು ಪರ್ಸೆಂಟ್ ತೆಳುವಾಗಿರುತ್ತದೆ. ಫ್ಯಾನ್ ಅಷ್ಟು ಕಡಿಮೆ ನೂಕುತ್ತದೆ, ರೆಕ್ಕೆಗೆ ಇನ್ನಷ್ಟು ವೇಗ ಬೇಕಾಗುತ್ತದೆ, ಬ್ಯಾಟರಿ ಹೇಗೂ ಕಾದಿರುತ್ತದೆ. ಬೆಳಿಗ್ಗೆ ಏಳುವುದು ಕಷ್ಟ ಅನ್ನುವವರು ಈ ಹವ್ಯಾಸ ಬಿಡಬಹುದು.

ಜಾಗದ ವಿಷಯ. ಕರಿ ಹೊಲದಲ್ಲಿ ಇಳಿಸಬೇಡಿ, ಬೇಸಿಗೆಯ ಬಿರುಕಿನಲ್ಲಿ ಗಾಲಿ ಸಿಕ್ಕಿದರೆ ಕಾಲು ಉಳಿಯುವುದಿಲ್ಲ, ಫ್ಯಾನ್ ಹೆಂಟೆಯನ್ನೇ ನುಂಗುತ್ತದೆ. ಮನೆ ಏಳದ ಹೊಸ ಲೇಔಟಿನ ಡಾಂಬರು ರಸ್ತೆ ಒಳ್ಳೆಯದು, ಕರೆಂಟ್ ಕಂಬ ಎಣಿಸಿಕೊಂಡು, ಜನ ದನ ಇಲ್ಲದ ಹೊತ್ತು ನೋಡಿಕೊಂಡು. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡದೆ ಎಲ್ಲಿಯೂ ಹಾರಿಸಬೇಡಿ. ಶ್ರೀನಿವಾಸ ಸರಡಗಿ ಕಡೆ ವಿಮಾನ ನಿಲ್ದಾಣ ಇದೆ ಎಂಬುದನ್ನು ಮರೆಯಬೇಡಿ. ಬೀದರ್‌ನವರಂತೂ ಊರ ಸುತ್ತಮುತ್ತ ಯೋಚನೆಯನ್ನೇ ಬಿಡಿ. ಅಲ್ಲಿರುವುದು ವಾಯುಪಡೆಯ ತರಬೇತಿ ನೆಲೆ, ಹಾಕ್ ವಿಮಾನಗಳು ಹಾರುವ ಆಕಾಶ. ಸೂರ್ಯಕಿರಣ್ ತಂಡದ ಊರಿನವರು ಅಂತ ನಿಮಗೆ ಜಂಬ ಇರಬಹುದು, ಅದಕ್ಕೇ ಹೇಳುತ್ತಿದ್ದೇನೆ.

ಇಷ್ಟಾದರೂ ಮುರಿದರೆ ತನ್ನಿ. ಗೂಡಿನ ಚೂರುಗಳನ್ನು ಎಸೆಯದೆ ಬೇರೆ ಚೀಲದಲ್ಲಿ ಹಾಕಿ, ಅಚ್ಚು ತೆಗೆಯಲು ಬೇಕಾಗುತ್ತವೆ. ಲಾಗ್ ಇರುವ ಕಾರ್ಡು ಅಳಿಸಬೇಡಿ, ನಾನು ಬೈಯುವುದಿಲ್ಲ. ಪೆಟ್ಟು ತಿಂದ ಲಿಪೋ ಬ್ಯಾಟರಿಯನ್ನು ಮಾತ್ರ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಬರಬೇಡಿ. ಹೊರಗೆ ಉಸುಕಿನ ಬಕೆಟ್ಟಿನಲ್ಲಿ ಇಟ್ಟು, ಉಬ್ಬಿದೆಯೋ ಬಿಸಿಯಾಗಿದೆಯೋ ಒಂದೆರಡು ತಾಸು ದೂರದಿಂದ ನೋಡಿ. ಮೇಲೆ ಚೆನ್ನಾಗಿಯೇ ಕಂಡರೂ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.