ಪ್ಯಾಸಿವ್ ಸ್ಟ್ಯಾಂಡ್‌ಬೈ: ದುಡಿಯದ ಸರ್ವರಿಗೆ ಲೈಸೆನ್ಸ್ ಬೇಕೇ?

ನಮ್ಮ ಕಡೆ ಆಫೀಸುಗಳಲ್ಲಿ ‘ಬ್ಯಾಕಪ್’ ಅನ್ನುವ ಒಂದೇ ಮಾತಿಗೆ ಎರಡು ಅರ್ಥ. ರಾತ್ರಿ ತೆಗೆದಿಟ್ಟ ಡೇಟಾಬೇಸ್ ಫೈಲೂ ಬ್ಯಾಕಪ್ಪೇ, ಮೂಲೆಯಲ್ಲಿ ಗುಂಯ್‌ಗುಡುವ ಎರಡನೇ ಸರ್ವರೂ ಬ್ಯಾಕಪ್ಪೇ. ಫೈಲಿಗೆ ಡೇಟಾಬೇಸ್ ಸಾಫ್ಟ್‌ವೇರಿನ ಲೈಸೆನ್ಸ್ ಬೇಕಿಲ್ಲ. ಓಡುತ್ತಿರುವ ಡೇಟಾಬೇಸಿಗೆ ಬೇಕು. ಇವೆರಡರ ನಡುವೆ ಬರುವ ಪದ ‘ಪ್ಯಾಸಿವ್ ಸ್ಟ್ಯಾಂಡ್‌ಬೈ’.

ಚಿತ್ರದುರ್ಗ, ದಾವಣಗೆರೆ ದಾಟಿ ಹೋಗುವ ಹೆದ್ದಾರಿ 48ರಲ್ಲಿ ಲಾರಿಗೆ ಟೋಲ್ ಹಾಕುವುದು ಆಕ್ಸಲ್ ಎಣಿಸಿ. ಕೆಳಗೆ ಕಟ್ಟಿದ ಸ್ಟೆಪ್ನಿಯನ್ನು ಯಾರೂ ಎಣಿಸುವುದಿಲ್ಲ. ಪ್ಯಾಸಿವ್ ಸರ್ವರ್ ಆ ಸ್ಟೆಪ್ನಿ. ಮುಖ್ಯ ಸರ್ವರಿನ ಡೇಟಾ ಅದಕ್ಕೆ ಹರಿದು ಬರುತ್ತಲೇ ಇರುತ್ತದೆ, ಆದರೆ ಬಿಲ್ಲು, ರಿಪೋರ್ಟು ಯಾವುದನ್ನೂ ಅದು ಕೊಡುವುದಿಲ್ಲ.

ದಾವಣಗೆರೆಯ ಒಂದು ಬೀಜ-ಗೊಬ್ಬರದ ಸಗಟು ಅಂಗಡಿಯ ಸರ್ವರ್ ನೋಡಿಕೊಳ್ಳುತ್ತಿದ್ದಾಗ ಚಳ್ಳಕೆರೆ ಶಾಖೆಯ ಮ್ಯಾನೇಜರು ಕೇಳಿದ್ದರು: “ಸರ್, ಅದು ಹೆಂಗೂ ಸುಮ್ನೆ ಕುಂತೈತೆ. ಸ್ಟಾಕ್ ರಿಪೋರ್ಟ್ ಅದ್ರಾಗೇ ತಗಂಡ್ರೆ ಮೇನ್ ಸರ್ವರ್ ಹಗುರ ಆಗ್ತೈತಲ್ಲ?” ಲೆಕ್ಕ ಸರಿ. ಆದರೆ ದಿನಕ್ಕೊಂದು ರಿಪೋರ್ಟ್ ತೆಗೆದರೂ ಆ ಸರ್ವರ್ ಪ್ಯಾಸಿವ್ ಅಲ್ಲ, ಅದಕ್ಕೆ ಪೂರ್ತಿ ಲೈಸೆನ್ಸ್ ಬೀಳುತ್ತದೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರಿನಲ್ಲಿ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಲೆಕ್ಕದ ಲೈಸೆನ್ಸ್ ಕೊಂಡರೆ, ಯಂತ್ರ ಎಷ್ಟೇ ಚಿಕ್ಕದಿದ್ದರೂ ಕನಿಷ್ಠ 4 ಕೋರಿಗೆ ಕೊಳ್ಳಬೇಕು. ಶಾಖೆಗೊಂದು ಸ್ಟ್ಯಾಂಡ್‌ಬೈ ಇಟ್ಟವರಿಗೆ ಇದು ಲಕ್ಷಗಳ ಮಾತು.

ಸ್ಟೆಪ್ನಿಗೆ ಲೈಸೆನ್ಸ್ ವಿನಾಯಿತಿ ತಾನಾಗಿ ಸಿಗುವುದಿಲ್ಲ ಅನ್ನುವುದನ್ನೂ ಗಮನಿಸಿ. ಮುಖ್ಯ ಸರ್ವರಿನ ಲೈಸೆನ್ಸಿಗೆ ‘ಸಾಫ್ಟ್‌ವೇರ್ ಅಶ್ಯೂರೆನ್ಸ್’ (ಲೈಸೆನ್ಸಿನ ಜೊತೆ ಹಣ ಕೊಟ್ಟು ಪಡೆಯುವ ಮೈಕ್ರೋಸಾಫ್ಟ್‌ನ ಯೋಜನೆ) ಚಾಲ್ತಿಯಲ್ಲಿರಬೇಕು, ಇಲ್ಲವೇ ಚಂದಾ ಲೈಸೆನ್ಸ್ ಆಗಿರಬೇಕು. 2019ರ ನವೆಂಬರ್‌ನಿಂದ ಈ ಸೌಲಭ್ಯ ಹಿಗ್ಗಿದೆ: ತಕ್ಷಣ ಕೈಗೆ ಸಿಗುವಂಥ ಒಂದು ಪ್ರತಿ ಮತ್ತು ಅನಾಹುತಕ್ಕೆಂದು ದೂರದಲ್ಲಿಟ್ಟ ಒಂದು ಪ್ರತಿ, ಎರಡಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಡ. ಪ್ಯಾಸಿವ್ ಪ್ರತಿಯ ಮೇಲೆ ಬ್ಯಾಕಪ್ ತೆಗೆಯಬಹುದು, ಡೇಟಾ ಕೆಟ್ಟಿದೆಯೇ ಎಂದು ತಪಾಸಣೆ ಮಾಡಬಹುದು. ರಿಪೋರ್ಟ್ ಮಾತ್ರ ಕೂಡದು.

ಇನ್ನೊಂದು ಕಂಪನಿಯ ಡೇಟಾಬೇಸ್ ಒರಾಕಲ್ ಬಳಸುವವರು ‘ಹತ್ತು ದಿನದ ನಿಯಮ’ವನ್ನು ನಂಬಿ ಮೋಸಹೋಗುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ. ವರ್ಷಕ್ಕೆ ಒಟ್ಟು 10 ದಿನ ಲೈಸೆನ್ಸ್ ಇಲ್ಲದ ಯಂತ್ರದಲ್ಲಿ ಓಡಿಸಬಹುದು, ನಿಜ. ಮಂಗಳವಾರ ಎರಡು ಗಂಟೆ, ಶುಕ್ರವಾರ ಮೂರು ಗಂಟೆ ಓಡಿದರೆ ಎರಡು ದಿನ ಮುಗಿದಂತೆ. ಆದರೆ ಈ ರಿಯಾಯಿತಿ ಒಂದೇ ಸ್ಟೋರೇಜ್ ಹಂಚಿಕೊಂಡ ಸರ್ವರುಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ ಮಾತ್ರ. ದಾವಣಗೆರೆಯ ಡೇಟಾ ಚಳ್ಳಕೆರೆಯ ಬೇರೆ ಡಿಸ್ಕಿಗೆ ಹೋಗಿ ಬೀಳುತ್ತಿದ್ದರೆ, ಆ ಸ್ಟ್ಯಾಂಡ್‌ಬೈ ಒಂದು ದಿನವೂ ದುಡಿಯದಿದ್ದರೂ ಪೂರ್ತಿ ಲೈಸೆನ್ಸ್ ಬೇಕು.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಈ ತಲೆನೋವೇ ಇಲ್ಲ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, 2010ರ 9.0 ಆವೃತ್ತಿಯಿಂದ ಸ್ಟ್ಯಾಂಡ್‌ಬೈ ಮೇಲೇ ರಿಪೋರ್ಟ್ ತೆಗೆಯಲು ಬರುತ್ತದೆ. ಹಳೆಯ ಅಕೌಂಟ್ಸ್ ಸಾಫ್ಟ್‌ವೇರ್ ಅದಕ್ಕೆ ಒಗ್ಗಬೇಕು, ಅಷ್ಟೇ. ಡೇಟಾ ಸಣ್ಣದಿದ್ದರೆ ಎಸ್‌ಕ್ಯೂಎಲ್ ಸರ್ವರಿನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯೂ ಸಾಕು: 2022ರದರಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ, 2025ರದರಲ್ಲಿ 50 ಜಿಬಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಶಾಖೆ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು ಎಂದು. ಚಳ್ಳಕೆರೆಯಲ್ಲಿ ಬಿತ್ತನೆ ಕಾಲಕ್ಕೆ ಕೌಂಟರ್ ಮುಂದೆ ರೈತರ ಸಾಲು ನಿಲ್ಲುತ್ತದೆ, ಅಲ್ಲಿ ಸ್ಟೆಪ್ನಿ ಬೇಕೇ ಬೇಕು. ಅದನ್ನು ಪ್ಯಾಸಿವ್ ಆಗಿಯೇ ಉಳಿಸಿ, ಸ್ಟಾಕ್ ರಿಪೋರ್ಟನ್ನು ಕೌಂಟರ್ ಮುಚ್ಚಿದ ಮೇಲೆ ರಾತ್ರಿ ಹತ್ತಕ್ಕೆ ಮುಖ್ಯ ಸರ್ವರಿನಲ್ಲೇ ಓಡುವಂತೆ ಇಟ್ಟೆವು. ಹರಿಹರದ ಗೋದಾಮಿನಲ್ಲಿ ಅರ್ಧ ದಿನ ಕೈಯಲ್ಲಿ ಚೀಟಿ ಬರೆದುಕೊಂಡರೂ ನಡೆಯುತ್ತಿತ್ತು. ಅಲ್ಲಿ ಎರಡನೇ ಸರ್ವರನ್ನು ತೆಗೆದು, ರಾತ್ರಿಯ ಬ್ಯಾಕಪ್ ಫೈಲ್ ಮಾತ್ರ ದಾವಣಗೆರೆಗೆ ಬರುವಂತೆ ಮಾಡಿದೆವು. ತಿಂಗಳಿಗೊಮ್ಮೆ ಆ ಫೈಲನ್ನು ರೀಸ್ಟೋರ್ ಮಾಡಿ ನೋಡುತ್ತೇವೆ.